ಆಯಿಯ ನೆಂಟಸ್ತಿಕೆ ಡೇಟಾಬೇಸ್

ನಾಳೆ ಇಂಟರ್ನಲ್ಸು, ಡೇಟಾ ಮಾಡೆಲ್ಸ್ ಪಾಠ, ಅಂದ್ರೆ ಡೇಟಾಬೇಸಲ್ಲಿ ಮಾಹಿತಿನ ಹೆಂಗೆ ಜೋಡಿಸಿಡೋದು ಅಂತ. ಶಿರಸಿ ಮಳೆ, ಕರೆಂಟ್ ಬೇರೆ ಇಲ್ಲ, ಜಗಲಿಲಿ ಕೂತು ಓದ್ತಿದ್ದೆ. ಮೊದ್ಲು ಹೈರಾರ್ಕಿಕಲ್, ಮರದ ತರ, ಒಂದು ಮಗುಗೆ ಒಂದೇ ಪೇರೆಂಟ್, 1960ರ ದಶಕದಲ್ಲಿ ಅಪೊಲೊ ರಾಕೆಟ್ಟಿನ ಬಿಡಿಭಾಗಗಳ ಲೆಕ್ಕ ಇಡೋಕೆ ಶುರುವಾದ ಐಬಿಎಂನ ಐಎಂಎಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಇದೇ ಜಾತಿದು. ಅಷ್ಟೊತ್ತಿಗೆ ಆಯಿ ಒಂದು ಮದುವೆ ಕಾಗದ ಹಿಡ್ಕೊಂಡು ಬಂದ್ಲು, "ಈ ಮಾಣಿ ನಿಂಗೆ ಅಪ್ಪನ ಕಡೆಯಿಂದ ಭಾವ, ನನ್ನ ಕಡೆಯಿಂದ ಮಾವ" ಅಂತ. ಮುಗೀತು, ಮರ ಬಿತ್ತು! ನಮ್ಮ ಕಡೆ ನೆಂಟಸ್ತಿಕೆಗೆ ನೆಟ್‌ವರ್ಕ್ ಮಾಡೆಲ್ಲೇ ಬೇಕು ಮಾರಾಯ್ರೆ, ಅದ್ರಲ್ಲಿ ಒಂದು ರೆಕಾರ್ಡಿಗೆ ಎಷ್ಟು ಪೇರೆಂಟ್ ಬೇಕಾದ್ರೂ ಇರ್ಬಹುದು, ಆದ್ರೆ ದಾರಿ ಹಿಡ್ಕೊಂಡೇ ಹುಡುಕ್ತಾ ಹೋಗ್ಬೇಕು, ಆಯಿ ಹೇಳೋ ಹಂಗೇ, "ಅವಳ ಅತ್ತಿಗೆಯ ತಂಗಿಯ ಗಂಡ..." 1970ರಲ್ಲಿ ಕಾಡ್ ಅನ್ನೋರು ರಿಲೇಷನಲ್ ಮಾಡೆಲ್ ತಂದ್ರು, ಎಲ್ಲ ಟೇಬಲ್ಲು, ಪ್ರತಿ ಸಾಲಿಗೂ ಅದನ್ನೊಂದೇ ಗುರುತು ಹಿಡಿಯೋ ಒಂದು ಕೀ, ದಾರಿ ನೆನಪಿಟ್ಕೊಳ್ಳೋ ಗೋಜಿಲ್ಲ. ಆ ಕೀನೂ ಆಯಿ ಹತ್ರ ಇದೆ, ಊರಲ್ಲಿ ಗಣಪತಿಗಳು ನಾಲ್ಕು ಜನ ಇದ್ರೂ "ಕೆಳಗಿನಮನೆ ಗಣಪತಿ" ಅಂದ್ರೆ ಒಬ್ಬನೇ. 1976ರ ಚೆನ್ ಅವರ ಇಆರ್ ಡಯಾಗ್ರಾಮ್, ಅಂದ್ರೆ ಯಾವುದಕ್ಕೆ ಯಾವುದರ ಜೊತೆ ಏನು ಸಂಬಂಧ ಅಂತ ತೋರ್ಸೋ ಚಿತ್ರ, ಇನ್ನೂ ಬಾಕಿ, ಮೊಬೈಲ್ ಚಾರ್ಜ್ 9 ಪರ್ಸೆಂಟು.