ಫಿಟ್ಸ್ ಔಷಧಿ ಶುರು ಮಾಡುವ ಮುಂಚೆ ನಾನು ಕೇಳುವ ಪ್ರಶ್ನೆಗಳು

ಮಕ್ಕಳ ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತಾ ಒಂದು ವಿಷಯ ಚೆನ್ನಾಗಿ ಕಲಿತೆ. ಆಟಿಸಂ ಇರುವ ಪುಟ್ಟ ಮಗುವಿಗೆ ಫಿಟ್ಸ್ ಔಷಧಿ ಬರೆಯುವ ಮುಂಚೆ ಮಗುವಿನ ದಿನಚರಿ ಕೇಳಬೇಕು. ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ? ಏನೇನು ತಿನ್ನುತ್ತಾನೆ? ಸಿಟ್ಟು ಬಂದರೆ ಕಚ್ಚುತ್ತಾನಾ, ತಲೆ ಚಚ್ಚಿಕೊಳ್ಳುತ್ತಾನಾ? "ಫಿಟ್ಸ್‌ಗೂ ಇದಕ್ಕೂ ಏನು ಸಂಬಂಧ ಡಾಕ್ಟ್ರೇ?" ಅಂತ ಅಮ್ಮಂದಿರು ಕೇಳುತ್ತಾರೆ.

ಸಂಬಂಧ ಇದೆ. ನಾವು ಜಾಸ್ತಿ ಬಳಸುವ ಔಷಧಿ ಲೆವೆಟಿರಾಸೆಟಮ್. ಒಳ್ಳೆಯ ಔಷಧಿಯೇ. ಆದರೆ ಕೆಲವು ಮಕ್ಕಳಲ್ಲಿ ಸಿಡುಕು, ಹಟ, ಹೊಡೆಯುವುದು ಹೆಚ್ಚಾಗುತ್ತದೆ. ಮಾತು ಬಾರದ ಮಗು ತನಗೆ ಏನಾಗುತ್ತಿದೆ ಅಂತ ಹೇಗೆ ಹೇಳೀತು? ಕಚ್ಚುತ್ತದೆ, ಕಿರುಚುತ್ತದೆ. ಸುತ್ತ ಇರುವವರು "ಆಟಿಸಂ ಜಾಸ್ತಿಯಾಗಿದೆ" ಅಂದುಬಿಡುತ್ತಾರೆ. ಔಷಧಿಗೆ ಮುಂಚಿನ ದಿನಚರಿಯನ್ನು ಬರೆದಿಟ್ಟಿದ್ದರೆ ಹೋಲಿಸಿ ನೋಡಬಹುದು. ಔಷಧಿಯಿಂದಲೇ ಅನ್ನಿಸಿದರೆ ಡೋಸ್ ಇಳಿಸುತ್ತೇವೆ, ಕೆಲವರಿಗೆ ಬಿ6 ವಿಟಮಿನ್ ಸೇರಿಸಿ ನೋಡುತ್ತೇವೆ, ಇಲ್ಲವೇ ಔಷಧಿಯನ್ನೇ ಬದಲಿಸುತ್ತೇವೆ. ಬದಲಿಸುವುದೂ ಸುಲಭವಲ್ಲ. ವ್ಯಾಲ್‌ಪ್ರೊಯೇಟ್ ಕೊಡೋಣ ಅಂದರೆ 2 ವರ್ಷದೊಳಗಿನ ಮಕ್ಕಳಲ್ಲಿ ಲಿವರ್‌ಗೆ ಅಪಾಯ ಹೆಚ್ಚು. ಲ್ಯಾಮೋಟ್ರಿಜಿನ್ ಡೋಸನ್ನು ವಾರಗಟ್ಟಲೆ ನಿಧಾನಕ್ಕೆ ಏರಿಸಬೇಕು, ಅವಸರ ಮಾಡಿದರೆ ಚರ್ಮದ ಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು. ಸಿಟ್ಟು ಜಾಸ್ತಿಯಾಯಿತು ಅಂತ ಮನೆಯವರೇ ಔಷಧಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ತಟ್ಟನೆ ನಿಂತರೆ ಬಿಡದೆ ಫಿಟ್ಸ್ ಬರಬಹುದು.

ಇನ್ನೊಂದು ಗೊಂದಲ, ಶೂನ್ಯದತ್ತ ನೋಡುವುದು. ಅದು ಫಿಟ್ಸಾ, ಆಟಿಸಂನಿಂದಲಾ? ಹೆಸರು ಕರೆದರೆ ತಿರುಗದಿರುವುದು ಆಟಿಸಂನಲ್ಲಿ ಸಾಮಾನ್ಯ. ಮೆಲ್ಲಗೆ ಭುಜ ಮುಟ್ಟಿ, ಇಷ್ಟದ ಆಟಿಕೆ ತೋರಿಸಿ. ಆಗಲೂ ಇತ್ತ ಗಮನ ಬಾರದಿದ್ದರೆ, ಕಣ್ಣು ರೆಪ್ಪೆ ಅಥವಾ ತುಟಿ ಅದುರುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ. ನನಗೆ ಅದು ಎಷ್ಟೋ ಸಲ ಇಇಜಿಗಿಂತ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಹೆಚ್ಚು ಹೇಳಿದೆ. ಫಿಟ್ಸ್ ಇಲ್ಲದ ಆಟಿಸಂ ಮಕ್ಕಳ ಇಇಜಿಯಲ್ಲೂ ಏರುಪೇರು ಕಾಣುವುದುಂಟು. ಬರೀ ಆ ರಿಪೋರ್ಟ್ ನೋಡಿ ನಾನು ಸಾಮಾನ್ಯವಾಗಿ ಔಷಧಿ ಶುರು ಮಾಡುವುದಿಲ್ಲ.

ಔಷಧಿ ಕುಡಿಸುವುದೇ ಮನೆಯಲ್ಲಿ ದೊಡ್ಡ ಕೆಲಸ, ಅಲ್ವಾ? ಮೊಸರನ್ನದಲ್ಲಿ ಬಚ್ಚಿಟ್ಟು ಕೊಡಬೇಡಿ ಅಂತ ಹೇಳುತ್ತೇನೆ. ಮೂರ್ನಾಲ್ಕು ಬಗೆ ಮಾತ್ರ ತಿನ್ನುವ ಮಗು, ಕಹಿ ಗೊತ್ತಾದ ದಿನ ಮೊಸರನ್ನವನ್ನೂ ಬಿಟ್ಟುಬಿಡುತ್ತದೆ. ಸಿರಪ್ ಉಗುಳಿದರೆ ಬಂದು ಹೇಳಿ. ಅದೇ ಔಷಧಿ ಬೇರೆ ರೂಪದಲ್ಲಿ ಸಿಗುತ್ತದಾ ನೋಡೋಣ. ಉದ್ದನೆಯ ಹೊತ್ತು ಕೆಲಸ ಮಾಡುವ ಮಾತ್ರೆಗಳನ್ನು ಮಾತ್ರ ನಮ್ಮನ್ನು ಕೇಳದೆ ಪುಡಿ ಮಾಡಬೇಡಿ.