ಹಿಂದಿನ ಸಾಲಿನ ಹುಡುಗಿ

ನಮ್ಮ ಏರಿಯಾ ಹುಡುಗರು ಶ್ರೀರಂಗರ ‘ಸತ್ತವರ ನೆರಳು’ ನಾಟಕ ಆಡುತ್ತಿದ್ದಾರೆ. ನಿನ್ನೆ ಸುಮ್ನೆ ರಿಹರ್ಸಲ್ ನೋಡಲು ಹೋಗಿದ್ದೆ. ವೇದಿಕೆ ಮೇಲೆ ಕಾಲಿಡಲೂ ಜಾಗವಿಲ್ಲ, ಅಷ್ಟು ಜನ! ಮಠದ ಸ್ವಾಮಿಗಳ ಪಾತ್ರ ಮಾಡುವವನ ಕಾವಿ ಪಂಚೆ ಜಾರದಂತೆ ಸೊಂಟದ ಸುತ್ತ ಬರೀ ಪಿನ್ನು.

ಹಿಂದೆ ಬಿ.ವಿ. ಕಾರಂತರು ಈ ನಾಟಕ ಮಾಡಿಸಿದಾಗ ಪುರಂದರದಾಸರ ಪದಗಳನ್ನು ಮೇಳದಿಂದ ಹಾಡಿಸಿದ್ದರು. ಇವರದ್ದೂ ಅದೇ ದಾರಿ. ಹಾರ್ಮೋನಿಯಂ ಶ್ರುತಿ ಹಿಡಿದದ್ದೇ ತಡ, ಗಲಾಟೆಯೆಲ್ಲ ಬಂದ್.

ನನ್ನ ಕಣ್ಣು ಮಾತ್ರ ಮೇಳದ ಹಿಂದಿನ ಸಾಲಿನ ಹುಡುಗಿಯ ಮೇಲೆ. ಅವಳಿಗೆ ಒಂದು ಡೈಲಾಗೂ ಇಲ್ಲ. ಆದರೂ ಎಲ್ಲರ ಮಾತಿಗೂ ಅವಳ ತುಟಿ ಅಲ್ಲಾಡುತ್ತಿತ್ತು. ಇಷ್ಟು ಜನರ ನಾಟಕ ನಿಂತಿರುವುದೇ ಇಂಥವರ ಮೇಲೆ ಅಲ್ವಾ? ಸ್ವಾಮಿಗಳಿಗೆ ಜ್ವರ ಬಂದರೆ ಇವಳಿಗೇ ಕಾವಿ ಉಡಿಸಬಹುದು.

ಶನಿವಾರ ಸಂಜೆ ಶೋ. ಬೇಗ ಬಂದು ಸೀಟು ಹಿಡಿಯಿರಿ. ಪಾತ್ರಧಾರಿಗಳ ಮನೆಯವರೇ ಅರ್ಧ ಹಾಲ್ ತುಂಬುತ್ತಾರೆ.