ಸೀಟಿನ ಕೆಳಗಿನ ಬ್ಯಾಟರಿ

ಮಳೆಗಾಲ ಪೂರ್ತಿ ಟೂರಿಂಗ್ ಬೈಕ್ ಮುಟ್ಟಿರಲಿಲ್ಲ. ಇವತ್ತು ಸ್ಟಾರ್ಟ್ ಬಟನ್ ಒತ್ತಿದರೆ ಬರೀ ಟಿಕ್ ಟಿಕ್. ಸೈಡ್ ಬಾಕ್ಸ್ ಇಳಿಸಿ, ಸೀಟು ಬಿಚ್ಚಿ, ರಬ್ಬರ್ ಪಟ್ಟಿ ಸರಿಸಿದ ಮೇಲೆ ಬ್ಯಾಟರಿ ಕಾಣಿಸಿತು. ಮೀಟರ್ ಹಿಡಿದರೆ 11.8 ವೋಲ್ಟ್. ಫುಲ್ ಚಾರ್ಜ್ ಇದ್ದಿದ್ದರೆ 12.7ರ ಹತ್ತಿರ ಇರಬೇಕಿತ್ತು.

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಚಿಕ್ಕವನಿದ್ದಾಗ ಅಪ್ಪ ಟ್ರ್ಯಾಕ್ಟರ್ ಪಕ್ಕ ನಿಲ್ಲಿಸಿಕೊಂಡು ಹೇಳಿಕೊಟ್ಟಿದ್ದು. ಹಾಗೆ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಕಿಡಿ ಹಾರಲ್ಲ.

ಕಾಟ ಕೊಟ್ಟಿದ್ದು ಟರ್ಮಿನಲ್ ಒಳಗಿನ ಪುಟ್ಟ ಚೌಕದ ನಟ್. ಬೋಲ್ಟ್ ತೆಗೆದ ಕೂಡಲೇ ಕೆಳಗೆ ಕುಸಿಯುತ್ತೆ, ಮತ್ತೆ ಬೋಲ್ಟಿಗೆ ಸಿಗಲ್ಲ. ಪಾತ್ರೆ ತೊಳೆಯೋ ಸ್ಪಂಜಿನ ತುಂಡೊಂದನ್ನು ಅದರಡಿ ತುರುಕಿದೆ, ನಟ್ ಮೇಲೆದ್ದು ಕೂತಿತು. ಫ್ಯೂಸ್ ಇರುವ ಚಾರ್ಜಿಂಗ್ ವೈರೂ ಸೇರಿಸಿ ತುದಿಯನ್ನು ಸೀಟಿನ ಪಕ್ಕಕ್ಕೆ ತಂದೆ. ಇನ್ನು ಸೀಟು ಬಿಚ್ಚದೇ ಚಾರ್ಜರ್ ಸಿಕ್ಕಿಸಬಹುದು.

ಈ ಬ್ಯಾಟರಿ ಮೇಲೇ ಕೂತು ಆಗುಂಬೆ, ಚಾರ್ಮಾಡಿ ಎಲ್ಲಾ ಹತ್ತಿಳಿದಿದ್ದೀನಿ. ಒಂದು ದಿನವೂ ಇದನ್ನ ನೆನಪಿಸಿಕೊಂಡಿರಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಟರ್ಮಿನಲ್‌ಗೆ ವ್ಯಾಸಲೀನ್ ಸವರಿದ್ಯೇನೋ?" ಅಂದರು. ಈಗ ಹೋಗಿ ಸವರಿ ಬಂದೆ.